ಎಂಟನೆಯ ಗುಂಡಿಯ ಮಣಿ

ಏಳು ಗುಂಡಿ ಇರಬೇಕಿತ್ತು. ಮೂರು ಸಲ ಎಣಿಸಿದೆ, ಮೂರು ಸಲವೂ ಎಂಟೇ ಬಂತು.

ಬುಟ್ಟಿ ಹೆಣೆಯಲು ಬಾರದವಳು, ಮಂಡಿ ಸವೆದವಳು, ಬಾಯಿ ಜೋರಿನವಳು ಎಂದು ನಮ್ಮ ಕಣಿವೆಯಲ್ಲಿ ನನ್ನ ಮೇಲೆ ದೂರುಗಳಿಗೇನೂ ಕಡಿಮೆಯಿಲ್ಲ. ಆದರೆ ಇಪ್ಪತ್ತಾರು ವರ್ಷ ಠಾಣೆಯಲ್ಲಿ ಪತ್ತೇದಾರಿಕೆ ಮಾಡುತ್ತ ಬಂದಿರುವ ಈ ವರ್ನಿಗೆ ಎಂಟರ ತನಕ ಎಣಿಸಲು ಬರುವುದಿಲ್ಲ ಎಂದು ಇಲ್ಲಿಯವರೆಗೆ ಯಾರೂ ಅಂದಿಲ್ಲ. ನಾಲ್ಕನೆಯ ಸಲ ಎಣಿಸುವ ಉಸಾಬರಿ ಬಿಟ್ಟು, ಸೊಂಟ ಹಿಡಿದುಕೊಂಡು ತರಗೆಲೆಗಳ ಮೇಲೆ ಕೂತೆ.

ಸುತ್ತ ನೆತ್ತರುಬೇರು ಅರಳಿ ನಿಂತಿತ್ತು. ಮರಗಳಲ್ಲಿ ಎಲೆ ಚಿಗುರುವ ಮುಂಚಿನ ಈ ಎರಡು ವಾರ ಮಾತ್ರ ಬಿಸಿಲು ನೆಲದ ತನಕ ಇಳಿಯುತ್ತದೆ. ಅಷ್ಟರೊಳಗೆ ಈ ಗಿಡ ಹೂ ಬಿಟ್ಟು ಮುಗಿಸಬೇಕು. ಹಾಲಿನಂಥ ಎಂಟು ಹತ್ತು ಎಸಳು, ಒಂದೇ ಒಂದು ಎಲೆ. ಚಳಿಗೆ ಶಾಲು ಹೊದ್ದವರ ಹಾಗೆ ಆ ಎಲೆಯನ್ನು ಮೈಗೆ ಸುತ್ತಿಕೊಂಡು ನಿಲ್ಲುತ್ತದೆ. ನೋಡಲು ಬಲು ಸಾಧು. ಬೇರು ಮುರಿದರೆ ಮಾತ್ರ ಬೆರಳ ತುಂಬ ಕೆಂಪು ರಸ.

ಆ ಬೇರು ಕುದಿಸಿ ನಮ್ಮ ಹೆಂಗಸರು ಹೊಳೆಬಿದಿರಿನ ಸೀಳುಗಳಿಗೆ ಕಿತ್ತಳೆ ಬಣ್ಣ ಕಟ್ಟುತ್ತಾರೆ. ಹಳೆಯ ಕೆಮ್ಮಿಗೆ ಒಂದು ಚೂರು, ಜೋಳದ ಕಾಳಿನ ಕಾಲುಭಾಗ, ಕಷಾಯಕ್ಕೆ ಹಾಕುವುದೂ ಉಂಟು. ಅದಕ್ಕಿಂತ ಹೆಚ್ಚು ಹಾಕುವವರು ನಮ್ಮಲ್ಲಿ ಇಲ್ಲ. ಹೆಚ್ಚಾದರೆ ಗಂಟಲು ಸುಟ್ಟು, ಹೊಟ್ಟೆ ಕಿವುಚಿ, ಮನುಷ್ಯ ಬದುಕುವುದೇ ಕಷ್ಟ.

ಮೊನ್ನೆ ಗುರುವಾರ ಮಧ್ಯಾಹ್ನ ಕ್ಯಾಲಿ ದೊಡ್ಡಮ್ಮ ತನ್ನ ಅಡುಗೆಮನೆಯ ನೆಲದ ಮೇಲೆ ಹಾಗೆಯೇ ಬಿದ್ದಿದ್ದಳು. ಒಲೆಯ ಮೇಲಿನ ಪುಟ್ಟ ಪಾತ್ರೆಯಲ್ಲಿ ನೆತ್ತರುಬೇರಿನ ಕಷಾಯ ಒಂದಿಷ್ಟು ಉಳಿದಿತ್ತು. ತೊಳೆದ ಲೋಟಗಳೆಲ್ಲ ಮೊಳೆಗಳಲ್ಲಿ ನೇತಾಡುತ್ತಿದ್ದವು. ಮುದುಕಿ ಅಳತೆ ಮರೆತು ಕುಡಿದಿದ್ದಾಳೆ ಎಂದರು ಕೆಲವರು. ಎಂಬತ್ತೊಂದು ವರ್ಷದಲ್ಲಿ ಎಪ್ಪತ್ತು ವರ್ಷ ಈ ಬೇರಿನ ಜೊತೆಗೇ ಬಾಳಿದವಳು ಅಳತೆ ಮರೆಯುವುದೆಂದರೆ ಮೀನು ಈಜು ಮರೆತ ಹಾಗೆ. ಠಾಣೆಯ ನನ್ನ ಜೊತೆಯವರು ಅವಳಿಗೆ ಬೇರು ಅಗೆದು ಕೊಡುವ ಡ್ಯೂಯಿಯನ್ನು ಒಳಗೆ ಹಾಕಿ ಕೈ ತೊಳೆದುಕೊಂಡರು. ನಲವತ್ತು ದಾಟಿದ ಆ ಮನುಷ್ಯ ಕುಡಿಯುತ್ತಾನೆ, ನಿಜ. ಆದರೆ ಅಗೆದದ್ದು ಏಳು ಬೇರು, ಬೇರಿನ ಬೆಲೆಯೆಂದು ಗುಂಡಿಗಳಲ್ಲಿ ಇಟ್ಟದ್ದು ಏಳು ಮಣಿ, ಏಳನ್ನೂ ದೊಡ್ಡಮ್ಮನ ಬಣ್ಣದ ಹಂಡೆಗೇ ಹಾಕಿದೆ ಎಂದು ಕಂಬಿ ಹಿಡಿದುಕೊಂಡು ನನ್ನೆದುರು ಅತ್ತಿದ್ದ.

ಅವನ ಮಾತು ನಿಜವಾದರೆ ದೊಡ್ಡಮ್ಮನಿಗೆ ವಿಷವಿಟ್ಟ ಕೈ ಇನ್ನೂ ಹೊರಗೇ ಇದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯವರು ಅವಳನ್ನು ಮನೆಗೆ ಕಳಿಸುತ್ತಾರೆ. ಅದೇ ಅಡುಗೆಮನೆಗೆ, ಅದೇ ಕೈಯಿಂದ ಉಣ್ಣಲು. ಅಷ್ಟರೊಳಗೆ ಆ ಕೈ ಯಾರದೆಂದು ನನಗೆ ಗೊತ್ತಾಗಲೇಬೇಕಿತ್ತು.

ಇನ್ನೊಂದು ಮಾತೂ ಮನಸ್ಸನ್ನು ಕೊರೆಯುತ್ತಿತ್ತು. ಹನ್ನೊಂದು ವರ್ಷದಿಂದ ಪ್ರತಿ ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾನು ದೊಡ್ಡಮ್ಮನ ಮನೆಗೆ ಕಾಫಿಗೆ ಹೋಗುತ್ತೇನೆ. ಈ ಗುರುವಾರ ಮಂಡಿ ಊದಿಕೊಂಡಿತೆಂದು ಹೋಗಲಿಲ್ಲ. ಹೋಗಿದ್ದರೆ ಅವಳು ಎರಡು ಗಂಟೆ ಹೊತ್ತು ನೆಲದ ಮೇಲೆ ಬಿದ್ದಿರುತ್ತಿರಲಿಲ್ಲ.

ಮೇಲಿನ ದಾರಿಯಲ್ಲಿ ಕೆಮ್ಮಿದ ಸದ್ದಾಯಿತು. ಹೈರಮ್. ನಮ್ಮ ಹಿರಿಯರನ್ನು ಅವರೆಲ್ಲ ಮಧ್ಯಾಹ್ನ ಒಟ್ಟಿಗೆ ಉಣ್ಣುವ ಊಟದ ಮನೆಗೆ, ಆಸ್ಪತ್ರೆಗೆ ಕರೆದೊಯ್ಯುವ ವ್ಯಾನಿನ ಚಾಲಕ. ನನ್ನ ಮಂಡಿಯ ಅವಸ್ಥೆ ನೋಡಿ ಬೆಳಿಗ್ಗೆ ತಾನಾಗಿಯೇ ಬಂದು ಇಲ್ಲಿಗೆ ಬಿಟ್ಟಿದ್ದ. ಅಟ್ಲಾಂಟದಲ್ಲಿ ಹುಟ್ಟಿ ಬೆಳೆದವನು, ಅಪ್ಪನ ಊರೆಂದು ಮೂರು ವರ್ಷದ ಹಿಂದೆ ಇಲ್ಲಿಗೆ ಬಂದ. ಗಿಡಮರ ಒಂದೂ ಗೊತ್ತಿಲ್ಲ, ಎಲ್ಲವೂ ಅವನಿಗೆ ಬರೀ ಹಸಿರು. ಆದರೂ ಮುದುಕಿಯರಿಗೆಲ್ಲ ಅಚ್ಚುಮೆಚ್ಚು. ಗುರುವಾರ ಊಟಕ್ಕೆ ಕರೆದೊಯ್ಯಲು ಬಂದು, ಎಷ್ಟು ಹಾರ್ನ್ ಹೊಡೆದರೂ ಬಾರದ ದೊಡ್ಡಮ್ಮನನ್ನು ಹುಡುಕಿ ಒಳಗೆ ಹೋಗಿ, ಎತ್ತಿಕೊಂಡು ಆಸ್ಪತ್ರೆಗೆ ಓಡಿದವನೂ ಅವನೇ. ಆವತ್ತಿನ ತನಕ ಆ ಮನೆಯ ಹೊಸಿಲು ದಾಟಿರಲಿಲ್ಲವಂತೆ.

"ಇದೇನಾ ಅಕ್ಕ, ಆ ಜಾಗ?" ಎಂದು ಹೂಗಳ ಮೇಲಂಚಿನ ಗಡಿಕಲ್ಲಿನ ಹತ್ತಿರ ನಿಂತು ಕೇಳಿದ.

ಇದೇ ಎಂದೆ. ಅವನು ಅಲ್ಲಿಂದ ನೇರ ಇಳಿಯಲಿಲ್ಲ. ಹೂಗಳ ಹೊರಗಂಚಿನಲ್ಲೇ ನಡೆದು, ಇಳಿಜಾರಿನ ಕೆಳತುದಿಗೆ ಹೋಗಿ, ಅಲ್ಲಿಂದ ಬೆಟ್ಟಕ್ಕೆ ಮುಖಮಾಡಿ ಒಂದೊಂದೇ ಹೆಜ್ಜೆ ಇಟ್ಟು ಹತ್ತಿ ಬಂದ. ಒಂದು ಎಲೆಯೂ ಅವನ ಬೂಟಿನಡಿ ಸಿಕ್ಕಲಿಲ್ಲ.

"ಪರ್ವಾಗಿಲ್ವೋ, ಪಟ್ಟಣದ ಕಾಲಿಗೂ ಬುದ್ಧಿ ಬಂದಿದೆ," ಎಂದೆ.

"ನೀವು ಬಯ್ತೀರಲ್ಲ ಅಕ್ಕ, ಆ ಭಯ," ಎಂದು ನಕ್ಕ.

ಅವನ ಬಲಗೈ ಹೆಬ್ಬೆರಳಿಗೆ ದಪ್ಪನೆಯ ಪಟ್ಟಿ ಇತ್ತು. ವ್ಯಾನಿನ ಬಾಗಿಲಿಗೆ ಸಿಕ್ಕಿ ಜಜ್ಜಿಹೋಯಿತೆಂದು ಬೆಳಿಗ್ಗೆಯೇ ಗೋಳು ಹೇಳಿಕೊಂಡಿದ್ದ.

ನಾನು ಒಂದು ಗುಂಡಿಯ ಮಣ್ಣನ್ನು ಬೆರಳಿನಿಂದ ಸರಿಸಿ ಒಳಗಿದ್ದ ಕೆಂಪು ಗಾಜಿನ ಮಣಿಯನ್ನು ತೋರಿಸಿದೆ. ಬೇರು ಕೀಳುವವರು ಮೂರು ಗಿಡ ಬಿಟ್ಟು ನಾಲ್ಕನೆಯದನ್ನು ಮಾತ್ರ ತೆಗೆಯಬೇಕು, ತೆಗೆದ ಜಾಗದಲ್ಲಿ ಒಂದು ಮಣಿ ಇಟ್ಟು ಮಣ್ಣು ಮುಚ್ಚಬೇಕು ಎಂದು ಹೇಳಿದೆ. ಡ್ಯೂಯಿಯ ಏಳೂ ಗುಂಡಿಗಳು ಹಾಗೆಯೇ ಇದ್ದವು. ಕುಡುಕನಾದರೂ ಲೆಕ್ಕ ತಪ್ಪಿರಲಿಲ್ಲ.

"ಗಿಡ ಏನ್ ಮಾಡತ್ತೆ ಅಕ್ಕ, ಮಣಿ ಇಟ್ಕೊಂಡು?"

"ಅದು ಗಿಡದ ವಿಷ್ಯ ಕಣೋ. ಇಡೋದಷ್ಟೇ ನಮ್ದು."

ಎಂಟನೆಯ ಗುಂಡಿ ಮೇಲಂಚಿನಲ್ಲಿ, ಗಡಿಕಲ್ಲಿಗೆ ತಾಗಿಕೊಂಡೇ ಇತ್ತು. ಮೂರು ಬಿಟ್ಟು ತೆಗೆದದ್ದಲ್ಲ, ಸಿಕ್ಕ ಮೊದಲನೆಯದನ್ನೇ ಅವಸರದಲ್ಲಿ ಕಿತ್ತದ್ದು. ಆದರೂ ಮಣ್ಣಿನೊಳಗೆ ಬೆಲೆ ಇತ್ತು. ಗಾಜಿನದಲ್ಲ. ನಮ್ಮ ಹಿತ್ತಿಲಲ್ಲಿ ಬೆಳೆಯುವ ಬೂದು ಬಣ್ಣದ ಜೋಳಮಣಿ, ಕಣ್ಣೀರ ಹನಿಯ ಆಕಾರದ ಬೀಜ. ಅದರ ತೂತಿನಲ್ಲಿ ನೀಲಿ ದಾರದ ಎಳೆಯೊಂದು ಇನ್ನೂ ಸಿಕ್ಕಿಕೊಂಡಿತ್ತು. ಸರದಿಂದ ಕಿತ್ತು ಇಟ್ಟ ಮಣಿ.

ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಕಳ್ಳತನಕ್ಕೆ ಬಂದವರು, ವಿಷಕ್ಕೆಂದು ಬೇರು ಕೀಳಲು ಬಂದವರು, ಗಿಡಕ್ಕೆ ಬೆಲೆ ಕೊಡದೆ ಹೋಗಲು ಆಗದೆ ತಮ್ಮ ಕೊರಳ ಮಣಿಯನ್ನೇ ಬಿಟ್ಟು ಹೋಗಿದ್ದರು. ನಮ್ಮವರಲ್ಲದೆ ಬೇರೆ ಯಾರಾದರೂ ಇಂಥ ತಪ್ಪು ಮಾಡುತ್ತಾರೆಯೇ?

"ಯಾರ್ದು ಅಂತ ಗೊತ್ತಾಗತ್ತಾ?" ಹೈರಮ್ ಬಗ್ಗಿ ನೋಡುತ್ತ ಕೇಳಿದ.

ಗೊತ್ತಾಗುತ್ತದೆ ಎಂದೆ. ಈ ಕಣಿವೆಯಲ್ಲಿ ಜೋಳಮಣಿಯನ್ನು ನೀಲಿ ದಾರದಲ್ಲಿ ಪೋಣಿಸುವವಳು ಒಬ್ಬಳೇ. ಅವಳು ಈಗ ದೊಡ್ಡಮ್ಮನ ಅಡುಗೆಮನೆಯಲ್ಲೇ ಇದ್ದಳು, ನಾಳೆಯಿಂದ ದೊಡ್ಡಮ್ಮನಿಗೆ ಉಣಿಸುವವಳೂ ಅವಳೇ. ಮಣಿಯನ್ನು ಜೇಬಿಗೆ ಹಾಕಿಕೊಂಡು ಎದ್ದೆ.

ವ್ಯಾನಿನಲ್ಲಿ ಹಸಿಮಣ್ಣಿನ ವಾಸನೆ ಗಮ್ಮೆಂದು ಬರುತ್ತಿತ್ತು. ಹಿಂದಿನ ಸೀಟಿನ ಮೇಲೆ ಖಾಲಿ ಗೋಣಿಚೀಲಗಳ ಕಟ್ಟು. ಊಟದ ಮನೆಯ ಹಿತ್ತಿಲಿಗೆ ಬಿತ್ತನೆ ಆಲೂಗಡ್ಡೆ ಸಾಗಿಸಿದ್ದಂತೆ. ನಾನು ಕಿಟಕಿಯಾಚೆ ನೋಡುತ್ತ ನನ್ನ ಇನ್ನೊಂದು ತಲೆನೋವನ್ನು ನೆನೆದುಕೊಂಡೆ. ಒಂದು ತಿಂಗಳಿಂದ ಯಾರೋ ನಮ್ಮ ಇಳಿಜಾರುಗಳನ್ನು ಬೋಳು ಮಾಡುತ್ತಿದ್ದರು, ಮಣಿಯೂ ಇಲ್ಲ, ನಾಲ್ಕರ ಲೆಕ್ಕವೂ ಇಲ್ಲ, ಚೀಲಗಟ್ಟಲೆ ಬೇರು ಬುಡಸಮೇತ ಮಾಯ. ಆ ತನಿಖೆ ನನ್ನದೇ. ಎರಡೂ ರಸ್ತೆಯಲ್ಲಿ ಪ್ರತಿ ಲಾರಿ, ಪ್ರತಿ ಪಿಕಪ್ಪು ತಡೆದು ನೋಡುತ್ತಿದ್ದೆವು, ಒಂದು ಬೇರೂ ಸಿಕ್ಕಿರಲಿಲ್ಲ. ಆ ಸಂಕಟವನ್ನೆಲ್ಲ ದಾರಿಯುದ್ದಕ್ಕೂ ಹೈರಮ್‌ನ ಮುಂದೆ ತೋಡಿಕೊಂಡೆ. ಅವನು ಪಾಪ ಎಂದು ತಲೆಯಾಡಿಸಿದ.

ದೊಡ್ಡಮ್ಮನ ಮನೆಯ ಮುಂದೆ ನನ್ನನ್ನು ಇಳಿಸಿ, ಆಸ್ಪತ್ರೆಗೆ ಹೋಗುವ ಕೆಲಸವಿದೆ, ಸಂಜೆ ಬಂದು ಕರೆದೊಯ್ಯುತ್ತೇನೆ ಎಂದು ಹೊರಟ.

ಅಡುಗೆಮನೆ ಕಾಡುಬೆಳ್ಳುಳ್ಳಿಯ ಘಾಟಿನಿಂದ ತುಂಬಿಹೋಗಿತ್ತು. ಲೊರೀನ್ ಜೋಳದೆಲೆಯಲ್ಲಿ ಕಾಳಿನ ಕಡುಬು ಸುತ್ತುತ್ತ ಕೂತಿದ್ದಳು, ನಾಳೆಯ ಸ್ವಾಗತಕ್ಕೆ. ದೊಡ್ಡಮ್ಮನ ಅಣ್ಣನ ಮಗಳು. ನಮ್ಮಲ್ಲಿ ಕುಲ ಬರುವುದು ತಾಯಿಯಿಂದ. ದೊಡ್ಡಮ್ಮ ನನ್ನ ತಾಯಿಯ ಕುಲದವಳು, ಅಂದರೆ ನನಗೆ ತಾಯಿಯೇ. ಲೊರೀನಳಿಗೆ ಅವಳು ಅತ್ತೆ. ಆ ಲೆಕ್ಕದಲ್ಲಿ ನಾನು ಅವಳ ಅತ್ತಿಗೆ, ಹಾಗೆಂದೇ ಕರೆಯುತ್ತಾಳೆ.

ಈ ಲೆಕ್ಕದಲ್ಲೇ ಒಂದು ಮುಳ್ಳೂ ಇತ್ತು. ಇಪ್ಪತ್ತು ವರ್ಷ ದೊಡ್ಡಮ್ಮನ ಕಾಲಬಳಿ ಕೂತು ಬುಟ್ಟಿ ಕಲಿತವಳು ಲೊರೀನ್. ಆದರೆ ಬೆಟ್ಟದ ಮೇಲಿನ ಆ ಹೂಗಳ ಜಾಗ ಕುಲದ ಹೆಣ್ಣುಮಕ್ಕಳಿಗೇ ಹೋಗಬೇಕು, ಅಂದರೆ ಒಂದು ಮುಚ್ಚಳವನ್ನೂ ನೆಟ್ಟಗೆ ಹೆಣೆಯಲಾರದ ನನಗೆ. ದೊಡ್ಡಮ್ಮ ಹೋದ ದಿನದಿಂದ ಲೊರೀನ್ ಒಂದು ಬೇರಿಗೂ ನನ್ನ ಅಪ್ಪಣೆ ಕೇಳಬೇಕು. ಆ ಕಹಿ ದೊಡ್ಡಮ್ಮನ ಮೇಲೆಯೇ ತಿರುಗಿರಬಹುದು, ಇದಕ್ಕಿಂತ ಸಣ್ಣ ಕಾರಣಕ್ಕೆ ವಿಷವಿಟ್ಟವರನ್ನು ನಾನು ನೋಡಿದ್ದೇನೆ.

"ಬನ್ನಿ ಅತ್ತಿಗೆ, ಕೂತ್ಕೊಳ್ಳಿ," ಎಂದು ನನ್ನ ಕುರ್ಚಿ ಎಳೆದಳು. ಗೋಡೆಯ ನಾಲ್ಕನೆಯ ಮೊಳೆಯಿಂದ ನನ್ನ ನೀಲಿ ಲೋಟ ತೆಗೆದು ಕಾಫಿ ಬಗ್ಗಿಸಿದಳು. ಹನ್ನೊಂದು ವರ್ಷದಿಂದ ಈ ಮನೆಯಲ್ಲಿ ನನ್ನದೆಂದು ಇರುವ ಲೋಟ ಅದು. ಅಂಚಿನ ಎನಾಮಲ್ ಒಂದು ಕಡೆ ಚಕ್ಕೆ ಎದ್ದು ತುಕ್ಕು ಕಾಣುತ್ತದೆ. ಇವತ್ತು ಆ ತುಕ್ಕು ಇನ್ನೂ ಸ್ವಲ್ಪ ಕೆಂಪೇರಿತ್ತು.

ನಾನು ಕುಡಿಯಲಿಲ್ಲ. ಅವಳ ಕೈಗಳನ್ನು ನೋಡುತ್ತಿದ್ದೆ.

ಏಪ್ರಿಲ್ ತಿಂಗಳಲ್ಲಿ ನಮ್ಮ ಬುಟ್ಟಿಯ ಹೆಂಗಸರ ಕೈ ನೋಡಿದರೆ ಹೊಸಬರು ಹೌಹಾರಬೇಕು. ಕೊಲೆ ಮಾಡಿ ಎದ್ದು ಬಂದವರ ಹಾಗೆ ಉಗುರಿನ ಸಂದಿಯೆಲ್ಲ ಕೆಂಪು. ಡ್ಯೂಯಿಯ ಕೈಯೂ ಹಾಗೇ ಇತ್ತು, ಠಾಣೆಯವರು ಅದನ್ನೇ ಸಾಕ್ಷಿ ಎಂದರು. ನನಗೆ ಅದು ಸಾಕ್ಷಿಯಾಗಿ ಕಾಣಲಿಲ್ಲ. ಈ ತಿಂಗಳಲ್ಲಿ ಅನುಮಾನ ಬರಬೇಕಾದ್ದು ತೊಳೆದ ಕೈಯನ್ನು ಕಂಡಾಗ. ಬಣ್ಣದ ಹಂಡೆ ಕುದಿಯುವ ಮನೆಯಲ್ಲೇ ಓಡಾಡುವ ಲೊರೀನಳ ಹತ್ತೂ ಬೆರಳು ಬೆಳ್ಳಗಿದ್ದವು.

ಕೊರಳಲ್ಲಿ ಜೋಳಮಣಿಯ ಸರ ಇತ್ತು. ನೀಲಿ ದಾರ. ಹೊಸದಾಗಿ ಬಿಗಿದ ಗಂಟು.

ನಾನು ಮಣಿಯನ್ನು ಮೇಜಿನ ಮೇಲೆ, ಕಡುಬುಗಳ ಪಕ್ಕದಲ್ಲಿಟ್ಟೆ.

ಅವಳು ಸುತ್ತುತ್ತಿದ್ದ ಎಲೆ ಕೈಯಲ್ಲೇ ಬಿಚ್ಚಿಕೊಂಡಿತು.

"ಎಲ್ಲಿ ಸಿಕ್ತು ಅಂತ ನಾನು ಹೇಳ್ಬೇಕಾ, ನೀನೇ ಹೇಳ್ತೀಯಾ?"

"ಗಡಿಕಲ್ಲಿನ ಹತ್ರ," ಎಂದಳು, ತಲೆ ಎತ್ತದೆ. "ಬುಧವಾರ ಮಧ್ಯಾಹ್ನ. ಅತ್ತೆ ಊಟದ ಮನೆಗೆ ಹೋಗಿದ್ರು."

"ನಾಲ್ಕನೇದ್ ಯಾಕ್ ತೆಗೀಲಿಲ್ಲ? ಅಷ್ಟೂ ಕಲ್ಸಿಲ್ವಾ ನಿಂಗೆ?"

ಆಗ ತಲೆ ಎತ್ತಿದಳು. ಕಣ್ಣಲ್ಲಿ ನೀರಿದ್ದರೂ ಸಿಟ್ಟು ಅದಕ್ಕಿಂತ ಹೆಚ್ಚಿತ್ತು. "ಒಳಗೆ ಕಾಲಿಡೋ ಹಕ್ಕು ನಂಗೆಲ್ಲಿದೆ ಅತ್ತಿಗೆ? ಅದು ನಿಮ್ಮ ಕುಲದ ಜಾಗ. ಕಲ್ಲಿನಾಚೆ ನಿಂತು ಕೈಗೆ ಸಿಕ್ಕಿದ್ದೊಂದ್ ತಗೊಂಡೆ. ಗಾಜಿನ ಮಣಿ ತಂದಿರ್ಲಿಲ್ಲ. ಬರಿಗೈಲಿ ಹೆಂಗ್ ಬರ್ಲಿ?"

ನಾನು ಅವಸರದ ಕಳ್ಳತನ ಎಂದುಕೊಂಡದ್ದು ಮರ್ಯಾದೆಯಾಗಿತ್ತು.

ಮಿಕ್ಕದ್ದು ಒಂದೊಂದಾಗಿ ಹೊರಬಂತು. ದೊಡ್ಡಮ್ಮನಿಗೆ ಹತ್ತು ದಿನದಿಂದ ಕೆಮ್ಮು. ಕಷಾಯ ಮಾಡಿಕೊಡುತ್ತೇನೆಂದರೆ ಬೇಡ, ಬೇರು ಪೂರಾ ಬಣ್ಣಕ್ಕಿರಲಿ ಎನ್ನುತ್ತಿದ್ದಳಂತೆ. ಹಾಗಾಗಿ ಲೊರೀನ್ ಹೇಳದೆ ಹೋಗಿ ಒಂದು ಬೇರು ತಂದಳು. ಕಲಿಸಿದ ಅಳತೆಯಲ್ಲೇ ಒಂದು ಚೂರು ಹಾಕಿ ಕುದಿಸಿ, ಮಿಕ್ಕ ಬೇರನ್ನು ಒದ್ದೆ ಪಾಚಿಯ ಜೊತೆ ಜಾಡಿಗೆ ಹಾಕಿ ಕಿಟಕಿಯ ಮೇಲಿಟ್ಟಳು. ಬುಧವಾರ ಸಂಜೆ ದೊಡ್ಡಮ್ಮ ಗೊಣಗುತ್ತಲೇ ಆ ಕಷಾಯ ಕುಡಿದು ಚೆನ್ನಾಗಿ ಮಲಗಿದಳು. ಗುರುವಾರ ಬೆಳಿಗ್ಗೆ ಎದ್ದು ಕೋಳಿಗಳಿಗೆ ಕಾಳು ಹಾಕಿದ್ದನ್ನು ಲೊರೀನ್ ತಾನೇ ನೋಡಿ ಕೆಲಸಕ್ಕೆ ಹೋದಳು.

"ಇಷ್ಟ್ ದಿನ ಯಾಕ್ ಬಾಯ್ ಬಿಡ್ಲಿಲ್ಲ?"

"ಪಾತ್ರೇಲಿದ್ದಿದ್ದು ನನ್ನ ಕಷಾಯ. ಕೇಳಿದ್ದೇ ತಡ ನನ್ನನ್ನೂ ಡ್ಯೂಯಿ ಪಕ್ಕ ಕೂರಿಸ್ತಿದ್ರು. ಆಮೇಲೆ ಅತ್ತೇನ ಯಾರು ನೋಡ್ಕೋತಾರೆ, ನೀವಾ? ನೀವು ಮೊಟ್ಟೆ ಬೇಯ್ಸಿದ್ರೂ ಸೀದುಹೋಗತ್ತೆ."

ಅದು ಸುಳ್ಳಲ್ಲ, ಹಾಗಾಗಿ ವಾದಿಸಲಿಲ್ಲ. ಬೆಳ್ಳಗಿನ ಬೆರಳುಗಳ ಕಡೆ ಬೊಟ್ಟು ಮಾಡಿದೆ. ಅವಳು ಮುಜುಗರಪಟ್ಟುಕೊಂಡು ಅಂಗಿಯ ತೋಳು ಮೇಲೆ ಮಡಚಿ ಮಣಿಕಟ್ಟು ತೋರಿಸಿದಳು. ಸುಟ್ಟ ಗಾಯದಂಥ ಕಪ್ಪು ಚಕ್ಕೆಗಳು. ಎರಡು ವರ್ಷದಿಂದ ಬೇರಿನ ರಸ ತಾಗಿದರೆ ಅವಳ ಚರ್ಮ ಬೊಬ್ಬೆ ಏಳುತ್ತದೆ. ಗೊತ್ತಿರುವವರು ದೊಡ್ಡಮ್ಮ ಒಬ್ಬಳೇ. ಗ್ಲೌಸು ಹಾಕಿಕೊಂಡು ಬಣ್ಣ ಕಟ್ಟುವವಳು ಗ್ಲೌಸು ಹಾಕಿಕೊಂಡೇ ಉಣ್ಣು ಎಂದು ಅಣಕಿಸುತ್ತಿದ್ದಳಂತೆ, ಆದರೆ ಪಟ್ಟಣದಿಂದ ಒಳ್ಳೆಯ ಗ್ಲೌಸು ತರಿಸಿಕೊಟ್ಟವಳೂ ಅವಳೇ. ಇದನ್ನು ಹೇಳುವಾಗ ಲೊರೀನ್ ಅತ್ತುಬಿಟ್ಟಳು. ಅವಳ ಮೇಲೆ ಅನುಮಾನಪಟ್ಟದ್ದಕ್ಕೆ ನಾಚಿಕೆಯಾಯಿತು, ಹಾಗೆಂದು ಹೇಳಿಯೂಬಿಟ್ಟೆ.

"ಸರಿ, ಉಳಿದ ಬೇರು ತೋರ್ಸು," ಎಂದೆ.

ಕಿಟಕಿಯ ಮೇಲೆ ಜಾಡಿ ಇತ್ತು. ಒಳಗೆ ಒಣಗಿದ ಪಾಚಿ ಇತ್ತು. ಬೇರು ಇರಲಿಲ್ಲ.

ಲೊರೀನ್ ಪಾಚಿಯನ್ನು ಮೇಜಿನ ಮೇಲೆ ಸುರಿದು ಕೆದಕಿದಳು. ಬೆರಳುದ್ದದ ಬೇರು ಇತ್ತು, ತಾನೇ ಇಟ್ಟದ್ದು ಎಂದು ಮತ್ತೆ ಮತ್ತೆ ಅಂದಳು. ಬುಧವಾರ ಬೇರು ಇಟ್ಟ ಮೇಲೆ ಮನೆಗೆ ಯಾರು ಬಂದಿದ್ದರು ಎಂದು ಕೇಳಿದೆ. ಯಾರೂ ಇಲ್ಲ, ತಾನು ಹಿತ್ತಿಲಲ್ಲಿ ಬಿದಿರು ಸೀಳುತ್ತಿದ್ದೆ, ಮೂರು ಗಂಟೆಗೆ ವ್ಯಾನಿನವನು ಅತ್ತೆಯನ್ನು ಬಿಟ್ಟು ಹೋದ, ಅಷ್ಟೇ ಎಂದಳು.

"ಗೇಟಿನ ಹತ್ರಾನೇ ಬಿಟ್ಟು ಹೋದ್ನಾ?"

"ಇಲ್ಲ, ಅತ್ತೆ ಚೀಲ ಭಾರ ಇತ್ತಲ್ಲ, ಒಳಗ್ ತಂದಿಟ್ಟ. ದಿನಾ ಇಡ್ತಾನೆ. ಒಳ್ಳೆ ಮನುಷ್ಯ."

ದಿನಾ ಇಡುತ್ತಾನೆ. ಗುರುವಾರದ ತನಕ ಈ ಹೊಸಿಲು ದಾಟಿಲ್ಲ ಎಂದು ಹೇಳಿಕೆಯಲ್ಲಿ ಬರೆಸಿದವನು.

ನನ್ನ ಮುಂದಿದ್ದ ಕಾಫಿ ಆರಿಹೋಗಿತ್ತು. ಅದನ್ನು ದಿಟ್ಟಿಸುತ್ತ ಕೂತವಳಿಗೆ ಬೆಳಗಿನ ಇಳಿಜಾರು ಕಣ್ಣ ಮುಂದೆ ಬಂತು. ಗಡಿಕಲ್ಲಿನಿಂದ ನೇರ ಇಳಿಯದೆ, ಅಂಚಿನಲ್ಲೇ ಸುತ್ತಿ, ಕೆಳಗಿನಿಂದ ಬೆಟ್ಟಕ್ಕೆ ಮುಖಮಾಡಿ ಹತ್ತಿ ಬರುವುದು. ಮೇಲಿನಿಂದ ಇಳಿದರೆ ಎಲೆಯ ಕೆಳಗಿನ ಮೊಗ್ಗು ಕಾಣುವುದಿಲ್ಲ, ಕೆಳಗಿನಿಂದ ಬಂದರೆ ಪ್ರತಿ ಗಿಡದ ಮುಖ ಕಾಣುತ್ತದೆ. ಇದು ಕಣಿವೆಯ ಪದ್ಧತಿಯಲ್ಲ. ದೊಡ್ಡಮ್ಮನೊಬ್ಬಳ ಹಟ. ಅದನ್ನು ಅವಳು ಮನೆಯಲ್ಲಿ ಕೂತು ಹೇಳಿಕೊಡುವುದೂ ಇಲ್ಲ. ಆ ಜಾಗಕ್ಕೆ ಕೈ ಹಿಡಿದು ಕರೆದೊಯ್ದವರಿಗೆ ಮಾತ್ರ, ಅಲ್ಲೇ ನಿಲ್ಲಿಸಿ, ಬೆನ್ನಿಗೆ ಒಂದು ಗುದ್ದಿ ಕಲಿಸುತ್ತಾಳೆ. ನನಗೆ ಕಲಿಸಿದ್ದು ಹಾಗೆಯೇ.

ಇದೇನಾ ಆ ಜಾಗ ಎಂದು ಕೇಳಿದವನು ಆ ಜಾಗವನ್ನು ಮೊದಲೇ ಕಂಡಿದ್ದ. ಅವಳ ಜೊತೆಯಲ್ಲೇ ಕಂಡಿದ್ದ.

ಬಣ್ಣ ಮೆತ್ತಿದ ಕೈ ನೋಡಿದೆ, ತೊಳೆದ ಕೈ ನೋಡಿದೆ. ಪಟ್ಟಿ ಸುತ್ತಿದ ಹೆಬ್ಬೆರಳನ್ನು ಬಿಚ್ಚಿ ನೋಡಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ. ಲಾರಿಗಳನ್ನೆಲ್ಲ ತಡೆದೆ. ದಿನಕ್ಕೆ ಎರಡು ಸಲ ನಮ್ಮ ಮುಂದೆಯೇ ಹಾದುಹೋಗುವ ಮುದುಕರ ವ್ಯಾನಿಗೆ ಕೈಬೀಸಿ ದಾರಿ ಬಿಟ್ಟವಳೂ ನಾನೇ. ಮಣಿ ಇಟ್ಟವರು ವಿಷವಿಟ್ಟಿದ್ದಾರೆ ಎಂದು ಬೆನ್ನು ಹತ್ತಿದೆನಲ್ಲ, ಬೆಲೆ ಕೊಡದೆ ಇಳಿಜಾರು ಬೋಳು ಮಾಡಿದವನೇ ಈ ಜಾಡಿಯ ಬೇರನ್ನೂ ಒಯ್ದಿದ್ದ.

ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸಮ್ಮ ಖುಷಿಯಾಗಿಯೇ ಮಾತಾಡಿದಳು. ಹಾಸಿಗೆ ಬೇಕಾಗಿತ್ತಂತೆ, ಅಜ್ಜಿಯೂ ಗೆಲುವಾಗಿದ್ದಳಂತೆ, ಒಂದು ದಿನ ಮುಂಚೆಯೇ ಕಳಿಸಿಬಿಟ್ಟರಂತೆ. ಗಂಟಲಿನ ಗಾಯ ಮಾಯುವ ತನಕ ಮಾತಾಡಬಾರದು ಎಂದಿದ್ದಾರೆ, ಹಾಗಾಗಿ ನೀವೂ ಮಾತಾಡಿಸಬೇಡಿ ಎಂದಳು.

"ಯಾರ್ ಜೊತೆ ಕಳಿಸಿದ್ರಿ?"

"ವ್ಯಾನಿನ ಡ್ರೈವರ್ ಬಂದಿದ್ರಲ್ಲ, ಹೋಗಿ ಅರ್ಧ ಗಂಟೆ ಆಯ್ತು. ಅಜ್ಜಿಗೆ ಅಂತ ಫ್ಲಾಸ್ಕಲ್ಲಿ ಬಿಸಿ ಕಾಫಿ ಬೇರೆ ತಂದಿದ್ರು ನೋಡಿ."

ನಾನು ಫೋನ್ ಇಡುವ ಮೊದಲೇ ಹೊರಗೆ ಹಾರ್ನ್ ಕೇಳಿಸಿತು. ಮಂಡಿಯ ನೋವು ಎಲ್ಲಿ ಹೋಯಿತೋ, ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಲೊರೀನ್ ಹಿಂದೆಯೇ ಓಡಿ ಬಂದಳು.

ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದಳು. ಮೂರು ದಿನಕ್ಕೆ ಮೂರು ವರ್ಷದಷ್ಟು ಸೊರಗಿಹೋದ ಹಾಗಿದ್ದಳು. ಎರಡೂ ಕೈಯಲ್ಲಿ ಫ್ಲಾಸ್ಕಿನ ಮುಚ್ಚಳ ಹಿಡಿದಿದ್ದಳು. ಕಾಫಿ ಅಂಚಿನ ತನಕ ತುಂಬಿತ್ತು, ಹಬೆಯಾಡುತ್ತಿತ್ತು. ಬಿಸಿ ಆರಲೆಂದು ಕಾಯುತ್ತಿದ್ದಳು.

ಕಿಟಕಿಯೊಳಗೆ ಕೈಹಾಕಿ ಆ ಮುಚ್ಚಳವನ್ನು ಅವಳ ಕೈಯಿಂದ ತೆಗೆದುಕೊಂಡೆ. ಹೈರಮ್ ಇಳಿದು, ನನಗೆ ನಗುಮುಖ ತೋರಿಸಿ, ದೊಡ್ಡಮ್ಮನ ಗಂಟು ತರಲು ವ್ಯಾನಿನ ಹಿಂದಕ್ಕೆ ಹೋದ.

ಇನ್ನು ಹೆದರಬೇಡ ದೊಡ್ಡಮ್ಮ, ಯಾರೆಂದು ಗೊತ್ತಾಗಿದೆ, ನಿನ್ನ ಲೋಟಕ್ಕೆ ಇನ್ನು ಯಾರೂ ಏನೂ ಹಾಕುವುದಿಲ್ಲ ಎಂದು ಅವಳ ಕಿವಿಯಲ್ಲಿ ಹೇಳಿದೆ.

ಅವಳು ಇಲ್ಲವೆಂದು ತಲೆಯಾಡಿಸಿದಳು. ನನ್ನ ಕಾಲರು ಹಿಡಿದು ಹತ್ತಿರ ಎಳೆದುಕೊಂಡಳು. ಸುಟ್ಟ ಗಂಟಲಿನಿಂದ ಮೂರು ದಿನದಲ್ಲಿ ಮೊದಲ ಸಲ ಮಾತು ಬಂತು, ಒಣ ಎಲೆ ಉಜ್ಜಿದ ಸದ್ದಿನಲ್ಲಿ.

"ನನ್ನ ಲೋಟ ಅಲ್ಲ, ಮಗಳೇ. ಹತ್ತು ಗಂಟೆಗೆ ನೀನು ಬರ್ತೀಯ ಅಂತ ಕಾದೆ. ಬರ್ಲಿಲ್ಲ. ಬೇಜಾರಾಯ್ತು. ನಿನ್ನ ಲೋಟದಲ್ಲೇ ಬಗ್ಗಿಸ್ಕೊಂಡು ಕುಡಿದೆ."

ಗುರುವಾರ, ಹತ್ತು ಗಂಟೆ, ನಾಲ್ಕನೆಯ ಮೊಳೆ. ಅಂಚಿನ ತುಕ್ಕು ಕೆಂಪೇರಿದ್ದು ಯಾಕೆಂದು ಈಗ ತಿಳಿಯಿತು. ಬುಧವಾರ ಜಾಡಿಯ ಬೇರನ್ನು ನನ್ನ ಲೋಟದೊಳಗೆ ಹೆಬ್ಬೆರಳಿಂದ ಉಜ್ಜಿದವನು, ಗುರುವಾರ ದೊಡ್ಡಮ್ಮನನ್ನು ಎತ್ತುವ ಮೊದಲು ಅದನ್ನು ತೊಳೆದು ಮೊಳೆಗೆ ಹಾಕಿದ್ದ. ಇಡೀ ಕಣಿವೆಯಲ್ಲಿ ಬೇರು ಕಳ್ಳರ ತನಿಖೆ ನಡೆಸುತ್ತಿದ್ದವಳು ನಾನೊಬ್ಬಳೇ, ನಾನು ಪ್ರತಿ ವಾರ ಎಲ್ಲಿ ಕೂತು ಯಾವುದರಲ್ಲಿ ಕಾಫಿ ಕುಡಿಯುತ್ತೇನೆಂದು ತಿಳಿದುಕೊಳ್ಳುವುದು ಕಷ್ಟದ ಕೆಲಸವೂ ಅಲ್ಲ.

ಹೈರಮ್ ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಫ್ಲಾಸ್ಕು ಹಿಡಿದು ನನ್ನ ಪಕ್ಕಕ್ಕೆ ಬಂದು ನಿಂತ. ನನ್ನ ಕೈಯಲ್ಲಿದ್ದ ಮುಚ್ಚಳವನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅದೇ ಒಳ್ಳೆಯ ಮನುಷ್ಯನ ನಗು.

"ಅಯ್ಯೋ, ಅದ್ರಲ್ಲಿ ಯಾಕೆ ಅಕ್ಕ," ಎಂದ. "ಒಳಗ್ ಬನ್ನಿ, ನಿಮ್ಮ ನೀಲಿ ಲೋಟದಲ್ಲೇ ಹಾಕ್ಕೊಡ್ತೀನಿ."